ಕೆಲಸ ಕೊಡುವವರನ್ನೂ ವಿಚಾರಿಸಬೇಡವೇ?

ಹೆಣ್ಣು ಕೊಡುವಾಗ, ಹೆಣ್ಣು ತರುವಾಗ ನಮ್ಮವರು ಎಷ್ಟು ಜಾಗರೂಕರು! ಮನೆತನ ಹೇಗೆ, ತೋಟದಲ್ಲಿ ಫಸಲು ಎಷ್ಟು, ಸೊಸೈಟಿಯಲ್ಲಿ ಸಾಲವಿದೆಯೇ, ಹಿರಿಯರ ಸ್ವಭಾವ ಯಾವ ತರದ್ದು ಎಂದು ನಾಲ್ಕು ಕಡೆ ವಿಚಾರಿಸದೆ ಮಾತು ಮುಂದುವರಿಸುವುದಿಲ್ಲ. ಆ ದಾರಿಯಾಗಿ ಹೋಗುವ ಬಸ್ಸಿನ ಕಂಡಕ್ಟರನಿಂದ ಹಿಡಿದು ಅಡಿಕೆ ಕೊಯ್ಯುವವರ ತನಕ ಎಲ್ಲರ ಬಾಯಿಯಿಂದಲೂ ಸುದ್ದಿ ಸಂಗ್ರಹವಾಗುತ್ತದೆ. ಅದೇ ಮನೆಯ ಮಗನೋ ಮಗಳೋ ಉದ್ಯೋಗಕ್ಕೆ ಹೊರಟಾಗ ಮಾತ್ರ ಈ ಜಾಗರೂಕತೆ ಎಲ್ಲಿ ಅಡಗುತ್ತದೋ ತಿಳಿಯದು. ದಿನದ ಎಂಟು ಹತ್ತು ಗಂಟೆ ಯಾರ ಕೈಕೆಳಗೆ ಕಳೆಯಬೇಕು, ಅವರು ಹೇಳಿದ ಸಂಬಳವನ್ನು ಹೇಳಿದ ದಿನ ಕೊಡುವವರೇ, ಹಿಂದೆ ಅಲ್ಲಿದ್ದವರು ಏಕೆ ಬಿಟ್ಟುಹೋದರು ಎಂದು ಒಬ್ಬರೂ ಕೇಳುವುದಿಲ್ಲ. "ಸಿಕ್ಕಿತಲ್ಲ, ಅದೇ ದೊಡ್ಡದು" ಎಂಬ ಒಂದೇ ಮಾತಿನಲ್ಲಿ ವಿಚಾರಣೆ ಮುಗಿಯುತ್ತದೆ.

ಸಂದರ್ಶನವೆಂದರೆ ಪ್ರಶ್ನೆ ಅವರದು, ಉತ್ತರ ನಮ್ಮದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಸರಿಯಲ್ಲ. ಉಮೇದುವಾರನು ಕೆಲಸಕ್ಕೆ ತಕ್ಕವನೇ ಎಂದು ಧಣಿ ನೋಡುವಂತೆಯೇ, ಧಣಿಯು ತನ್ನ ದುಡಿಮೆಗೆ ತಕ್ಕವನೇ ಎಂದು ಉಮೇದುವಾರನೂ ನೋಡಬೇಕು. ಅರ್ಧ ಗಂಟೆಯ ಆ ಭೇಟಿಯಲ್ಲಿ ಕಣ್ಣು ಕಿವಿ ತೆರೆದಿಟ್ಟರೆ ಮುಂದಿನ ಎರಡು ಮೂರು ವರ್ಷಗಳ ಸುಖದುಃಖದ ಸುಳಿವು ಸಾಕಷ್ಟು ಸಿಗುತ್ತದೆ. ಈ ಕುರಿತು ನಮ್ಮ ಯುವಕ ಯುವತಿಯರಿಗೂ ಅವರ ಹೆತ್ತವರಿಗೂ ನಾಲ್ಕು ಮಾತು ಹೇಳಬೇಕೆಂದು ಈ ಲೇಖನ.

ನಮ್ಮ ಮೌನದ ಕಾರಣ

ಈ ಮೌನಕ್ಕೆ ಗಡಿನಾಡಿನವರಾದ ನಮ್ಮಲ್ಲಿ ಒಂದು ವಿಶೇಷ ಕಾರಣವಿದೆ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದ ಮೇಲೆ, ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ತಮ್ಮ ಜಿಲ್ಲೆಯಲ್ಲಿಯೇ ಸಂದರ್ಶನಕ್ಕೆ ಕುಳಿತಾಗ ಪ್ರಶ್ನೆ ಮಲೆಯಾಳದಲ್ಲಿ ಬರುತ್ತದೆ. ಬೆಂಗಳೂರಿಗೆ ಹೋದರೆ ಇಂಗ್ಲಿಷಿನಲ್ಲಿ ಬರುತ್ತದೆ. ಮಾತು ಹುಡುಕುತ್ತ ಕುಳಿತವನಿಗೆ ಎಲ್ಲದಕ್ಕೂ "ಆಗಬಹುದು" ಎನ್ನುವುದೇ ಸುಲಭವಾಗಿ ತೋರುತ್ತದೆ. ಕೇಳಿದರೆ ಭಾಷೆ ತಪ್ಪೀತು, ನಕ್ಕಾರು ಎಂಬ ಸಂಕೋಚ. ಆ ಸಂಕೋಚಕ್ಕೆ ತೆರುವ ಬೆಲೆ ಮೊದಲ ತಿಂಗಳ ಸಂಬಳ ಕೈಗೆ ಬಂದಾಗ ಗೊತ್ತಾಗುತ್ತದೆ.

ಆದರೆ ನಮ್ಮವರು ಒಂದನ್ನು ಮರೆಯುತ್ತಾರೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಟಿಯೋ ಹವ್ಯಕ ಕನ್ನಡವೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲೆಯಾಳ, ಪುಸ್ತಕದಲ್ಲಿ ಇಂಗ್ಲಿಷು, ಇಷ್ಟನ್ನೂ ಬಲ್ಲ ಹುಡುಗ ಬೇರೆ ಎಲ್ಲಿ ಸಿಗುತ್ತಾನೆ? ಕಾಸರಗೋಡಿನ ಬೇಂಕಿಗೆ, ಮಂಗಳೂರಿನ ಆಸ್ಪತ್ರೆಗೆ, ಉಪ್ಪಳದ ಅಂಗಡಿಗೆ ಇಂಥವನೇ ಬೇಕು. ಬೇಕಾದ ವಸ್ತುವನ್ನು ಕೈಯಲ್ಲಿಟ್ಟುಕೊಂಡವನು ತಲೆ ತಗ್ಗಿಸಿ ಕುಳಿತುಕೊಳ್ಳಬೇಕಾಗಿಲ್ಲ. ಮಲೆಯಾಳ ಬಾರದಿದ್ದರೆ "ಈ ಮಾತನ್ನು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಕೇಳುತ್ತೇನೆ, ಆಗಬಹುದೇ?" ಎಂದರೆ ಬೇಡವೆನ್ನುವ ಸಜ್ಜನರು ಕಡಿಮೆ. ಬೇಡವೆಂದು ಸಿಡುಕಿದರೆ, ಆ ಮನುಷ್ಯನ ಕೈಕೆಳಗಿನ ಬಾಳು ಹೇಗಿದ್ದೀತೆಂದು ಆಗಲೇ ತಿಳಿದಂತಾಯಿತು.

ಹೋಗುವ ಮುನ್ನ

ವಿಚಾರಣೆ ಮನೆಯಿಂದಲೇ ಆರಂಭವಾಗಬೇಕು. ಸಂಸ್ಥೆಯ ಪೂರ್ಣ ಹೆಸರು, ವಿಳಾಸ, ಎಷ್ಟು ವರ್ಷಗಳಿಂದ ನಡೆಯುತ್ತಿದೆ, ಯಾರು ನಡೆಸುತ್ತಾರೆ ಎಂಬುದು ಮೊದಲ ಪಾಠ. ಜಾಹೀರಾತಿನಲ್ಲಿ ಒಂದು ಮೊಬೈಲ್ ನಂಬರು ಮಾತ್ರವಿದ್ದು ಹೆಸರು ವಿಳಾಸ ಇಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡುವುದು ಲೇಸು. ನೋಂದಾಯಿತ ಕಂಪೆನಿಯೋ ಅಲ್ಲವೋ ಎಂಬುದನ್ನು ಕೇಂದ್ರ ಸರಕಾರದ ಕಂಪೆನಿ ವ್ಯವಹಾರ ಇಲಾಖೆಯ ಅಂತರ್ಜಾಲ ಪುಟದಲ್ಲಿ ಯಾರೂ ನೋಡಬಹುದು. ಭವಿಷ್ಯನಿಧಿ ಸಂಘಟನೆಯ ಪುಟದಲ್ಲಿ ಸಂಸ್ಥೆಯ ಹೆಸರು ಕೊಟ್ಟು ಹುಡುಕಿದರೆ ಅದು ನೌಕರರ ಹಣವನ್ನು ತಿಂಗಳು ತಿಂಗಳು ಕಟ್ಟುತ್ತಿದೆಯೇ ಎಂಬುದೂ ಕಾಣುತ್ತದೆ. ಮನೆಯಲ್ಲಿ ಸೌಕರ್ಯವಿಲ್ಲದವರು ಹತ್ತಿರದ ಅಕ್ಷಯ ಕೇಂದ್ರಕ್ಕೆ ಹೋಗಿ ಕೇಳಿಕೊಳ್ಳಬಹುದು. ಆರು ತಿಂಗಳು ಹಣ ಕಟ್ಟದವರು ಏಳನೆಯ ತಿಂಗಳು ನಮ್ಮ ಮಗುವಿಗಾಗಿ ಕಟ್ಟುತ್ತಾರೆಂದು ನಂಬುವುದು ಹೇಗೆ?

ಆದರೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಅಲ್ಲಿ ದುಡಿದು ಬಿಟ್ಟವರ ಬಾಯಿಮಾತು. ಮಂಜೇಶ್ವರದಿಂದ ಮುಳ್ಳೇರಿಯದ ತನಕ ಹುಡುಕಿದರೆ ಯಾರಾದರೊಬ್ಬ ಗುರುತಿನವರು ಸಿಕ್ಕದೆ ಇರಲಾರರು. ಬೆಳಗ್ಗೆ ಮಂಗಳೂರಿಗೆ ಹೋಗುವ ರೈಲಿನ ಡಬ್ಬಿಯಲ್ಲಿಯೇ ಅರ್ಧ ಊರಿನ ಉದ್ಯೋಗಸ್ಥರು ಇರುತ್ತಾರೆ. ಒಬ್ಬನ ಮಾತನ್ನು ಮಾತ್ರ ಕೇಳಬಾರದು. ಜಗಳವಾಡಿ ಬಿಟ್ಟವನು ಹೆಚ್ಚು ಹೇಳಿಯಾನು, ಈಗಲೂ ಅಲ್ಲಿರುವವನು ಕಡಿಮೆ ಹೇಳಿಯಾನು. ಇಬ್ಬರು ಮೂವರು ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರೆ ಅದನ್ನು ನಂಬಬಹುದು.

ಕಣ್ಣಿಗೆ ಕಾಣುವ ಸಂಗತಿಗಳು

ಸಂದರ್ಶನದ ದಿನ ಅರ್ಧ ಗಂಟೆ ಮುಂಚೆ ಹೋಗಿ ಕುಳಿತರೆ ಬಾಯಿ ತೆರೆಯದೆಯೇ ಬಹಳ ವಿಷಯ ತಿಳಿಯುತ್ತದೆ. ಹತ್ತು ಗಂಟೆಗೆ ಕರೆದವರು ಒಂದು ಗಂಟೆಯ ತನಕ ಕಾಯಿಸಿ, ತಡವಾಯಿತೆಂಬ ಮಾತನ್ನೂ ಆಡದಿದ್ದರೆ ಪರರ ಹೊತ್ತಿಗೆ ಅಲ್ಲಿ ಬೆಲೆ ಇಲ್ಲವೆಂದು ಅರ್ಥ. ಮೇಲಿನವರು ಜವಾನನನ್ನೂ ಗುಡಿಸುವ ಹೆಂಗಸನ್ನೂ ಯಾವ ಸ್ವರದಲ್ಲಿ ಕರೆಯುತ್ತಾರೆ ಎಂಬುದನ್ನು ಗಮನಿಸಬೇಕು. ನಮ್ಮೊಡನೆ ಆಡುವ ಸವಿಮಾತು ಆ ದಿನದ ಮಟ್ಟಿನದು. ಅವರೊಡನೆ ಆಡುವ ಮಾತು ನಿತ್ಯದ್ದು. ನೌಕರರ ಮುಖದಲ್ಲಿ ನಗೆಯುಂಟೋ, ಧಣಿಯ ಕಾಲಸಪ್ಪಳ ಕೇಳಿದೊಡನೆ ಎಲ್ಲರೂ ತಲೆ ತಗ್ಗಿಸುವರೋ, ಕುಡಿಯುವ ನೀರು ಎಲ್ಲಿದೆ, ಹೆಂಗಸರಿಗೆ ಬೇರೆ ಶೌಚಾಲಯವಿದೆಯೇ, ಇವೆಲ್ಲ ನೋಡಬೇಕಾದ್ದೇ.

ಬಟ್ಟೆಯಂಗಡಿ, ಚಿನ್ನದಂಗಡಿಗಳಿಗೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಕೌಂಟರಿನ ಹಿಂದೆ ಕುಳಿತುಕೊಳ್ಳಲು ಏನಾದರೂ ಇದೆಯೇ ನೋಡಿ. ಬೆಳಗಿನಿಂದ ರಾತ್ರಿಯ ತನಕ ನಿಂತೇ ಇರಬೇಕೆಂಬ ಕ್ರೂರ ಪದ್ಧತಿ ಕೇರಳದ ಅಂಗಡಿಗಳಲ್ಲಿ ಬಹುಕಾಲ ನಡೆದಿತ್ತು. ಕೋಯಿಕ್ಕೋಡಿನಲ್ಲಿ ಪೆಣ್‌ಕೂಟ್ಟ್ ಎಂಬ ಮಹಿಳಾ ಸಂಘಟನೆ ವಿಜಿಯವರ ಮುಂದಾಳುತನದಲ್ಲಿ ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರಲ್ಲಿ ಕೇರಳ ಸರಕಾರ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ಕುಳಿತುಕೊಳ್ಳುವ ಹಕ್ಕನ್ನು ಕೊಟ್ಟಿತು. ಆದುದರಿಂದ ಸ್ಟೂಲು ಕೊಡುವುದು ಧಣಿಯ ಔದಾರ್ಯವಲ್ಲ, ಕಾನೂನು. ಅದು ಇಲ್ಲದ ಅಂಗಡಿಯಲ್ಲಿ ಬೇರೆ ಯಾವ ಕಾನೂನು ಇದ್ದೀತು?

ಕೇಳಲೇಬೇಕಾದ ಪ್ರಶ್ನೆಗಳು

"ನಿಮಗೆ ಏನಾದರೂ ಕೇಳಲಿಕ್ಕಿದೆಯೇ?" ಎಂದು ಕೊನೆಗೆ ಅವರೇ ಕೇಳುವುದುಂಟು. ಆಗ "ಇಲ್ಲ ಸಾರ್" ಎಂದು ಎದ್ದುಬಿಡುವುದು ನಮ್ಮವರ ವಾಡಿಕೆ. ಎದ್ದುಬಿಡಬೇಡಿ, ಕೇಳುವ ಸಮಯ ಅದೇ.

ಮೊದಲನೆಯದು, "ಈ ಸ್ಥಾನ ಹೊಸತೇ, ಮೊದಲಿದ್ದವರು ಬಿಟ್ಟದ್ದೇ?" ಬಿಟ್ಟದ್ದಾದರೆ, ಅವರು ಎಷ್ಟು ಕಾಲ ಇದ್ದರು ಎಂದು ವಿನಯದಿಂದ ಕೇಳಬಹುದು. ಒಂದೇ ಕುರ್ಚಿಯಲ್ಲಿ ವರ್ಷಕ್ಕೆ ಮೂವರು ಕುಳಿತು ಎದ್ದಿದ್ದರೆ ದೋಷ ಮೂವರದೂ ಆಗಿರಲಾರದು, ಕುರ್ಚಿಯದೇ ಇರಬೇಕು. ಒಂದೇ ಕೆಲಸಕ್ಕೆ ಎರಡು ತಿಂಗಳಿಗೊಮ್ಮೆ ಜಾಹೀರಾತು ಬರುವುದೂ ಇದನ್ನೇ ಹೇಳುತ್ತದೆ.

ಎರಡನೆಯದು, "ದಿನವೂ ನಾನು ಮಾಡಬೇಕಾದ ಕೆಲಸ ಯಾವುದು, ನನಗೆ ಕೆಲಸ ಹೇಳುವವರು ಯಾರು?" ಇದಕ್ಕೆ ಸ್ಪಷ್ಟ ಉತ್ತರ ಸಿಗಬೇಕು. "ಎಲ್ಲ ಕೆಲಸವನ್ನೂ ಮಾಡಬೇಕಾದೀತು, ಇಲ್ಲಿ ಎಲ್ಲರೂ ಒಂದೇ ಮನೆಯವರಂತೆ" ಎಂಬ ಉತ್ತರ ಬಂದರೆ ಎಚ್ಚರಿಕೆ. ಲೆಕ್ಕ ಬರೆಯಲು ಸೇರಿದವನು ಸಾಮಾನು ಹೊರುವುದು, ಧಣಿಯ ಮಕ್ಕಳನ್ನು ಶಾಲೆಗೆ ಬಿಡುವುದು ಇಂಥ "ಒಂದೇ ಮನೆ"ಗಳಲ್ಲಿಯೇ. ಸಂಬಳ ಹೆಚ್ಚಿಸುವ ಹೊತ್ತಿಗೆ ಆ ಮನೆ ಬೇರೆಯಾಗುತ್ತದೆ.

ಮೂರನೆಯದು, ಕೆಲಸದ ಹೊತ್ತು, ವಾರದ ರಜೆ, ಹೆಚ್ಚು ಹೊತ್ತು ದುಡಿದರೆ ಅದಕ್ಕೆ ಸಂಬಳ. ನಾಲ್ಕನೆಯದು, ತರಬೇತಿಯ ಅವಧಿ ಎಷ್ಟು, ಆಗ ಸಂಬಳ ಎಷ್ಟು, ಖಾಯಂ ಆಗುವುದು ಎಂದು. ಐದನೆಯದು, ಬಿಡಬೇಕಾದರೆ ಎಷ್ಟು ದಿನ ಮುಂಚಿತವಾಗಿ ತಿಳಿಸಬೇಕು. ನಮಗೆ ಮೂರು ತಿಂಗಳು, ಅವರಿಗೆ ಒಂದು ದಿನ ಎಂದು ಬರೆದಿರುವ ಕರಾರುಗಳೂ ಇವೆ. ಎರಡು ಕಡೆಗೂ ಒಂದೇ ಅಳತೆಗೋಲು ಇರುವುದು ನ್ಯಾಯ.

ಕೊನೆಯದಾಗಿ, "ನೇಮಕಪತ್ರ ಯಾವಾಗ ಕೊಡುತ್ತೀರಿ?" ಇದನ್ನು ಕೇಳಲು ನಾಚಬೇಕಾಗಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳು ನೇಮಕಪತ್ರ ಕೊಡುವುದನ್ನು ಮಾಲೀಕರ ಕರ್ತವ್ಯವೆಂದು ವಿಧಿಸಿವೆ. ತಿಂಗಳ ಸಂಬಳವನ್ನು ಮರುತಿಂಗಳ 7ನೇ ತಾರೀಕಿನೊಳಗೆ ಕೊಡಬೇಕು. ಕೆಲಸ ಬಿಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು ಎಂದೂ ಅವುಗಳಲ್ಲಿದೆ. "ಬಾಯಿಮಾತು ಸಾಲದೇ, ನಮ್ಮ ಮೇಲೆ ನಂಬಿಕೆ ಇಲ್ಲವೇ?" ಎಂದು ಧಣಿ ಮುನಿಸಿಕೊಂಡರೆ, "ನಂಬಿಕೆ ಇರುವುದರಿಂದಲೇ ಬರೆದು ಕೊಡಿ ಎಂದೆ" ಎಂದು ಹೇಳಬಹುದಲ್ಲ.

ಸಂಬಳದ ಲೆಕ್ಕ

ಬೆಂಗಳೂರಿನ ಕಂಪೆನಿಗಳು ಸಂಬಳವನ್ನು ತಿಂಗಳಿಗೆ ಇಷ್ಟು ಎಂದು ಹೇಳುವುದಿಲ್ಲ, ವರ್ಷಕ್ಕೆ ಇಷ್ಟು ಲಕ್ಷ ಎಂದು ಹೇಳುತ್ತವೆ. ಇದನ್ನು ಸಿ.ಟಿ.ಸಿ. ಎನ್ನುತ್ತಾರೆ, ಎಂದರೆ ಒಬ್ಬ ನೌಕರನಿಗಾಗಿ ಕಂಪೆನಿಗೆ ತಗಲುವ ಒಟ್ಟು ವೆಚ್ಚ. ಕೈಗೆ ಬರುವ ಹಣ ಬೇರೆಯೇ. ಒಂದು ಲೆಕ್ಕ ಹಾಕಿ ನೋಡೋಣ.

ವರ್ಷಕ್ಕೆ 3,60,000 ರೂಪಾಯಿ ಎಂದರು ಎನ್ನಿ. ಮನೆಯವರು ತಿಂಗಳಿಗೆ 30,000 ಎಂದು ಸಂತೋಷಪಡುತ್ತಾರೆ. ಇದರಲ್ಲಿ ನೂರಕ್ಕೆ ಹತ್ತರಷ್ಟು "ಕಾರ್ಯಸಾಧನೆಗೆ ತಕ್ಕಂತೆ" ವರ್ಷದ ಕೊನೆಗೆ ಕೊಡುವುದೆಂದು ಬರೆದಿದ್ದರೆ 3,000 ಕಳೆಯಿತು. ಮೂಲವೇತನ 15,000 ಆದರೆ ಭವಿಷ್ಯನಿಧಿಗೆ ಕಂಪೆನಿ ಕಟ್ಟುವ ಶೇಕಡಾ 12, ಅಂದರೆ 1,800 ರೂಪಾಯಿಯನ್ನೂ ಈ ಮೊತ್ತದಲ್ಲಿಯೇ ಸೇರಿಸಿರುತ್ತಾರೆ. ಗ್ರಾಚ್ಯುಯಿಟಿ ಲೆಕ್ಕದಲ್ಲಿ ಇನ್ನು ಸುಮಾರು 720. ಉಳಿದದ್ದು 24,480. ಇದರಿಂದ ನೌಕರನ ಪಾಲಿನ ಭವಿಷ್ಯನಿಧಿ 1,800 ಕಳೆದರೆ ಕೈಗೆ ಬರುವುದು 22,680. ಮೂವತ್ತು ಸಾವಿರವೆಂದು ಎಣಿಸಿ ಬೇಂಕಿನ ವಿದ್ಯಾಭ್ಯಾಸ ಸಾಲದ ಕಂತನ್ನು ಲೆಕ್ಕ ಹಾಕಿದ ತಂದೆಗೆ ತಿಂಗಳಿಗೆ 7,320 ರೂಪಾಯಿ ಕಡಿಮೆ ಬಿತ್ತು. ಇದರಿಂದ ಆ ಊರಿನ ಬಾಡಿಗೆ, ಊಟ, ಬಸ್ಸು ಎಲ್ಲ ಆಗಬೇಕು. ಕಂಪೆನಿ ಮೋಸ ಮಾಡಿತೆಂದು ಇಲ್ಲಿ ಹೇಳುವಂತಿಲ್ಲ. ಭವಿಷ್ಯನಿಧಿಯ ಹಣ ನಮ್ಮ ಹೆಸರಿನಲ್ಲಿಯೇ ಉಳಿಯುತ್ತದೆ. ಆದರೆ "ಎಲ್ಲ ಕಳೆದು ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ?" ಎಂಬ ಒಂದು ಪ್ರಶ್ನೆಯನ್ನು ಸಂದರ್ಶನದಲ್ಲಿಯೇ ಕೇಳಿದ್ದರೆ ಈ ನಿರಾಸೆ ಇರುತ್ತಿರಲಿಲ್ಲ.

ಸಣ್ಣ ಸಂಸ್ಥೆಗಳಲ್ಲಿ ಇದರ ತಿರುಗುಮುರುಗು. ಅಲ್ಲಿ ಭವಿಷ್ಯನಿಧಿಯ ಹೆಸರೇ ಎತ್ತುವುದಿಲ್ಲ. 20 ಮಂದಿ ನೌಕರರಿರುವ ಸಂಸ್ಥೆ ಭವಿಷ್ಯನಿಧಿಗೆ ಸೇರಲೇಬೇಕು. 10 ಮಂದಿ ಇದ್ದರೆ ಇ.ಎಸ್.ಐ. ವಿಮೆ ಅನ್ವಯಿಸುತ್ತದೆ. 2017ರಲ್ಲಿ ಗೊತ್ತುಪಡಿಸಿದಂತೆ ತಿಂಗಳಿಗೆ 21,000 ರೂಪಾಯಿಯ ತನಕ ಸಂಬಳವಿರುವವರು ಇದರ ಪ್ರಯೋಜನ ಪಡೆಯುತ್ತಾರೆ. 2019ರ ಜುಲಾಯಿಯಿಂದ ನೌಕರನ ಪಾಲು ಶೇಕಡಾ 0.75, ಧಣಿಯ ಪಾಲು 3.25. ಹತ್ತು ಸಾವಿರ ಸಂಬಳದವನು ತಿಂಗಳಿಗೆ 75 ರೂಪಾಯಿ ಕೊಟ್ಟರೆ ಮನೆಮಂದಿಗೂ ಚಿಕಿತ್ಸೆ ದೊರೆಯುತ್ತದೆ. ತಂದೆತಾಯಿಗೆ ವಯಸ್ಸಾದ ಮನೆಯಲ್ಲಿ ಸಾವಿರ ರೂಪಾಯಿ ಹೆಚ್ಚು ಸಂಬಳಕ್ಕಿಂತ ಇದರ ಬೆಲೆ ಹೆಚ್ಚು.

ಮುಚ್ಚಳಿಕೆ ಮತ್ತು ಸರ್ಟಿಫಿಕೇಟು

"ಎರಡು ವರ್ಷ ಬಿಡುವುದಿಲ್ಲವೆಂದು ಬರೆದುಕೊಡಬೇಕು, ಬಿಟ್ಟರೆ ಇಷ್ಟು ಲಕ್ಷ ಕೊಡಬೇಕು" ಎಂಬ ಬಾಂಡಿನ ಪದ್ಧತಿ ಈಗ ಎಲ್ಲೆಡೆ ಹಬ್ಬಿದೆ. "ಅದೆಲ್ಲ ಕಾಗದಕ್ಕೆ ಮಾತ್ರ, ಕೋರ್ಟಿನಲ್ಲಿ ನಿಲ್ಲುವುದಿಲ್ಲ" ಎಂದು ಸಲಹೆ ಕೊಡುವ ಗೆಳೆಯರು ಬೇಕಾದಷ್ಟು ಮಂದಿ ಇದ್ದಾರೆ. ಅವರ ಮಾತನ್ನು ನಂಬಿ ಸಹಿ ಹಾಕಬೇಡಿ. 1931ರಲ್ಲಿ ನಮ್ಮ ನೆರೆಯ ಮಂಗಳೂರಿನಲ್ಲಿ ಹುಟ್ಟಿ, 2019ರಲ್ಲಿ ಬರೋಡಾ ಬೇಂಕಿನೊಡನೆ ವಿಲೀನವಾದ ವಿಜಯಾ ಬೇಂಕಿನ ಒಂದು ಪ್ರಕರಣವೇ ಇದಕ್ಕೆ ದೃಷ್ಟಾಂತ. ಮೂರು ವರ್ಷ ತುಂಬುವ ಮುನ್ನ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತಿಗೆ ಸಹಿ ಹಾಕಿದ್ದ ಅಧಿಕಾರಿಯೊಬ್ಬರು ಬೇರೆ ಬೇಂಕಿಗೆ ಹೋಗುವಾಗ ಆ ಹಣವನ್ನು ಕಟ್ಟಿ, ಬಳಿಕ ಅದನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರಿಗೆ ಜಯವಾಯಿತು. ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿ, ಷರತ್ತು ಸಿಂಧುವೆಂದು ಹೇಳಿತು. ಕೆಲಸದಲ್ಲಿರುವ ಅವಧಿಗೆ ಸಂಬಂಧಿಸಿದ, ಮಿತಿಮೀರದ ಷರತ್ತು ಕೋರ್ಟಿನಲ್ಲಿಯೂ ನಿಲ್ಲಬಹುದು ಎಂಬುದು ಇದರಿಂದ ಸ್ಪಷ್ಟ.

ಹಾಗೆಂದು ಧಣಿ ಬರೆದದ್ದೆಲ್ಲ ಕಾನೂನಾಗುವುದಿಲ್ಲ. ಕೆಲಸ ಬಿಟ್ಟ ಮೇಲೆ ಇಂಥ ವ್ಯಾಪಾರ ಮಾಡಬಾರದು, ಇಂಥ ಕಂಪೆನಿಗೆ ಸೇರಬಾರದು ಎಂಬ ನಿರ್ಬಂಧ 1872ರ ಕರಾರು ಕಾಯ್ದೆಯ 27ನೇ ಕಲಮಿನಂತೆ ಅಸಿಂಧು. 74ನೇ ಕಲಮಿನಂತೆ, ಬರೆದ ಮೊತ್ತ ಎಷ್ಟೇ ಇರಲಿ, ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರವನ್ನು ಮಾತ್ರ. ಆದುದರಿಂದ ಬಾಂಡು ಎಂದೊಡನೆ ಹೆದರಿ ಓಡಬೇಕಾಗಿಲ್ಲ. ಯಾವ ತರಬೇತಿ ಕೊಡುತ್ತಾರೆ, ಅದಕ್ಕೆ ಎಷ್ಟು ಖರ್ಚು, ಅವರೇ ನಮ್ಮನ್ನು ತೆಗೆದುಹಾಕಿದರೆ ಏನು, ಅವಧಿ ಕಳೆದಂತೆ ಮೊತ್ತ ಇಳಿಯುತ್ತದೆಯೇ ಎಂದು ಕೇಳಿ ತೂಗಿ ನೋಡಬೇಕು.

ಆದರೆ ಒಂದು ವಿಷಯದಲ್ಲಿ ತೂಗಿ ನೋಡುವ ಪ್ರಶ್ನೆಯೇ ಇಲ್ಲ. ಮೂಲ ಸರ್ಟಿಫಿಕೇಟು ಮತ್ತು ಸಹಿ ಹಾಕಿದ ಖಾಲಿ ಚೆಕ್ಕನ್ನು ಯಾರಿಗೂ ಒತ್ತೆ ಇಡಬೇಡಿ. ಮೂಲವನ್ನು ತೋರಿಸಿ, ಪ್ರತಿಯನ್ನು ಕೊಟ್ಟು, ಮೂಲವನ್ನು ಮನೆಗೆ ತನ್ನಿ. ನಾವು ಬಲ್ಲ ಒಂದು ಮನೆಯ ಹುಡುಗಿ ಹೊರಗಿನ ಊರಿನ ಒಂದು ಸಂಸ್ಥೆಗೆ ಸೇರುವಾಗ ಪದವಿಯ ಮೂಲಪತ್ರಗಳನ್ನೆಲ್ಲ ಒಪ್ಪಿಸಿದಳು. ಹತ್ತು ತಿಂಗಳ ಬಳಿಕ ಸರಕಾರಿ ಹುದ್ದೆಯೊಂದರ ಪ್ರಮಾಣಪತ್ರ ಪರಿಶೀಲನೆಗೆ ಕರೆ ಬಂತು. ಸಂಸ್ಥೆಯವರು ಇಂದು ನಾಳೆ ಎಂದು ಅಲೆದಾಡಿಸಿ ಕೊಡುವ ಹೊತ್ತಿಗೆ ತಾರೀಕು ಮೀರಿತ್ತು. ಆ ಹುದ್ದೆ ಮತ್ತೆ ಬರಲಿಲ್ಲ. ಕಾಗದ ಒಪ್ಪಿಸುವಾಗ ಒಂದು ರಸೀದಿಯನ್ನೂ ಆಕೆ ಕೇಳಿರಲಿಲ್ಲ. ಕೇಳಬೇಕೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಹೆತ್ತವರಿಗೂ ಇಲ್ಲೊಂದು ಮಾತಿದೆ. ಮಗನ ಪರವಾಗಿ ತಂದೆ ಜಾಮೀನು ಸಹಿ ಹಾಕಬೇಕೆಂದು ಸ್ಟಾಂಪು ಕಾಗದ ಮನೆಗೆ ಬರುತ್ತದೆ. ಅದು ಮಲೆಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ಕನ್ನಡ ಮಾತ್ರ ಓದಬಲ್ಲ ತಂದೆ ತೋರಿಸಿದಲ್ಲಿ ಸಹಿ ಹಾಕುತ್ತಾರೆ. ಇದು ಬೇಡ. "ಎರಡು ದಿನ ಬೇಕು" ಎಂದು ಕಾಗದವನ್ನು ಇಟ್ಟುಕೊಂಡು, ಆ ಭಾಷೆ ಬಲ್ಲ ಮಾಸ್ತರರಿಂದಲೋ ವಕೀಲರಿಂದಲೋ ಪ್ರತಿಯೊಂದು ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಂಡ ಮೇಲೆಯೇ ಸಹಿ. ಎರಡು ದಿನ ಕಾಯಲಾರದ ಧಣಿಗೆ ಎರಡು ವರ್ಷದ ಮಾತು ಕೊಡುವುದು ಹೇಗೆ?

ನಮ್ಮ ಅನುದಾನಿತ ಶಾಲೆಗಳು

ಕನ್ನಡ ಓದಿದವರಿಗೆ ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸೆಯೆಂದರೆ ಅಧ್ಯಾಪಕ ವೃತ್ತಿ. ಅನುದಾನಿತ ಶಾಲೆಯಲ್ಲಿ ನೇಮಿಸುವವರು ಮೇನೇಜರು, ಸಂಬಳ ಕೊಡುವುದು ಸರಕಾರ. ಈ ಎರಡರ ನಡುವೆ ವಿದ್ಯಾಧಿಕಾರಿಯ ಅಂಗೀಕಾರವೆಂಬ ಬಾಗಿಲಿದೆ. ಅದು ತೆರೆಯುವ ತನಕ ಸಂಬಳವಿಲ್ಲ. ಬಾಗಿಲು ಮುಚ್ಚಿಯೇ ಇದ್ದು ವರ್ಷಗಟ್ಟಲೆ ಬರಿಗೈಯಲ್ಲಿ ಪಾಠ ಹೇಳಿದವರ ಕಷ್ಟ ನಮ್ಮ ಊರುಗಳಿಗೆ ಹೊಸತಲ್ಲ.

ಆದುದರಿಂದ ಇಲ್ಲಿ ವಿಚಾರಿಸಬೇಕಾದ್ದು ಮೇನೇಜರ ಸ್ವಭಾವವನ್ನಷ್ಟೇ ಅಲ್ಲ, ಹುದ್ದೆಯ ಜಾತಕವನ್ನು. ನಿವೃತ್ತಿಯಿಂದ ತೆರವಾದ ಹುದ್ದೆಯೇ, ರಜೆಯ ಹುದ್ದೆಯೇ, ಮಕ್ಕಳ ಸಂಖ್ಯೆ ಹೆಚ್ಚಿದ್ದರಿಂದ ಬಂದ ಹೊಸ ಡಿವಿಜನಿನದೇ? ಶಾಲೆ ತೆರೆದ ಆರನೇ ಕೆಲಸದ ದಿನದ ತಲೆಯೆಣಿಕೆಯ ಮೇಲೆ ಹುದ್ದೆಗಳು ನಿರ್ಣಯವಾಗುತ್ತವೆ. ಕನ್ನಡ ಡಿವಿಜನಿನಲ್ಲಿ ಮೂರು ವರ್ಷಗಳಿಂದ ಮಕ್ಕಳ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡಿದರೆ ಹುದ್ದೆಯ ಆಯುಸ್ಸು ತಿಳಿಯುತ್ತದೆ. ಹಿಂದೆ ಅದೇ ಆಡಳಿತದ ಶಾಲೆಯಲ್ಲಿ ದುಡಿದು, ಹುದ್ದೆ ಇಲ್ಲದೆ ಹೊರಬಿದ್ದವರು ಇದ್ದರೆ ಕೇರಳ ಶಿಕ್ಷಣ ನಿಯಮಗಳ 51ಎ ನಿಯಮದಂತೆ ಮೊದಲ ಹಕ್ಕು ಅವರದು. ಅಂಥವರು ಇರುವಾಗ ನಮ್ಮನ್ನು ನೇಮಿಸಿದರೆ ನಾಳೆ ತಗಾದೆ ಬರುತ್ತದೆ. 2012ರಲ್ಲಿ ಆರಂಭವಾದ ಕೆ-ಟೆಟ್ ಅರ್ಹತೆಯೂ ನಮ್ಮಲ್ಲಿರಬೇಕು. ಉಪಜಿಲ್ಲಾ ವಿದ್ಯಾಧಿಕಾರಿಯ ಆಫೀಸಿನಲ್ಲಿ ಅರ್ಧ ದಿನ ಕಳೆದರೆ ಇದೆಲ್ಲ ತಿಳಿಯುತ್ತದೆ.

ಇನ್ನು ಎಲ್ಲರಿಗೂ ಗೊತ್ತಿದ್ದು ಯಾರೂ ಬರೆಯದ ವಿಷಯ. ಹುದ್ದೆಗೆ "ಕೊಡುಗೆ" ಕೇಳುವ ಪದ್ಧತಿ. ಎಲ್ಲ ಆಡಳಿತದವರೂ ಕೇಳುತ್ತಾರೆಂದು ನಾವು ಹೇಳುವುದಿಲ್ಲ. ಚಿಕ್ಕಾಸೂ ಮುಟ್ಟದ ಹಳೆಯ ಮೇನೇಜರುಗಳ ಹೆಸರನ್ನು ಜನ ಇಂದಿಗೂ ಗೌರವದಿಂದ ನೆನೆಯುತ್ತಾರೆ. ಆದರೆ ಕೇಳುವವರಿದ್ದಾರೆ, ತೋಟ ಅಡವಿಟ್ಟು ಕೊಡುವವರೂ ಇದ್ದಾರೆ. ಈ ಹಣಕ್ಕೆ ರಸೀದಿ ಇಲ್ಲ, ಅಂಗೀಕಾರ ಸಿಗದಿದ್ದರೆ ಹಿಂದೆ ಕೇಳುವ ಕಾನೂನಿನ ದಾರಿಯೂ ಇಲ್ಲ. ಸರಕಾರದ ಸಂಬಳಕ್ಕೆ ಖಾಸಗಿಯಾಗಿ ಬೆಲೆ ಕಟ್ಟುವವನು ಮುಂದೆ ಅಧ್ಯಾಪಕನನ್ನು ಹೇಗೆ ನಡೆಸಿಕೊಂಡಾನು ಎಂಬುದನ್ನು ಆ ಮೊದಲ ಭೇಟಿಯೇ ಹೇಳಿಬಿಡುತ್ತದೆ.

ಗಡಿಯಾಚೆ, ಕಡಲಾಚೆ

ತಲಪಾಡಿ ದಾಟಿ ದಿನವೂ ಮಂಗಳೂರಿಗೆ ಹೋಗಿಬರುವವರು ಇನ್ನೆರಡು ವಿಷಯ ಕೇಳಿಟ್ಟುಕೊಳ್ಳಬೇಕು. 2020ರ ಮಾರ್ಚಿನಲ್ಲಿ ಕೊರೋನಾ ಕಾಲಕ್ಕೆ ಗಡಿಯ ದಾರಿಗಳನ್ನು ಮುಚ್ಚಿದಾಗ ನಮ್ಮ ನೂರಾರು ಮಂದಿ ಈಚೆ ದಡದಲ್ಲಿ ಸಿಕ್ಕಿಬಿದ್ದದ್ದು ಮರೆಯುವ ಸಂಗತಿಯಲ್ಲ. ಬರಲಾಗದ ದಿನಗಳಲ್ಲಿ ಆ ಧಣಿ ಆಗ ತನ್ನ ನೌಕರರನ್ನು ಹೇಗೆ ನೋಡಿದ ಎಂದು ವಿಚಾರಿಸಿದರೆ ಅವನ ನಿಜವಾದ ಗುಣ ತಿಳಿಯುತ್ತದೆ. ಎರಡನೆಯದು ರಜೆಗಳು. ಕೇರಳದಲ್ಲಿ ವಿಧಾನಸಭೆಗೆ ಮತದಾನವಾಗುವ ದಿನ ಕರ್ನಾಟಕದಲ್ಲಿ ರಜೆ ಇರುವುದಿಲ್ಲ. ಆದರೂ ಮತದಾನದ ಹಕ್ಕುಳ್ಳ ನೌಕರನಿಗೆ ಆ ದಿನ ಸಂಬಳಸಹಿತ ರಜೆ ಕೊಡಬೇಕೆಂದು ಜನಪ್ರತಿನಿಧಿ ಕಾಯ್ದೆಯ 135ಬಿ ಕಲಮು ಹೇಳುತ್ತದೆ. ಕಿರಿದಾದ ಸಂಗತಿಯೆಂದು ತೋರಬಹುದು. ಅಲ್ಪಸಂಖ್ಯಾತರಾದ ನಮಗೆ ಒಂದೊಂದು ಮತವೂ ಕಿರಿದಲ್ಲ.

ಗಲ್ಫಿಗೆ ಹೊರಟವರ ವಿಷಯವಾದರೆ, ಸಂದರ್ಶನ ಮಾಡುವವನು ಧಣಿಯಲ್ಲ, ಮಧ್ಯವರ್ತಿ. ಮೊದಲು ಅವನನ್ನು ವಿಚಾರಿಸಬೇಕು. 1983ರ ವಲಸೆ ಕಾಯ್ದೆಯಂತೆ ನೋಂದಣಿ ಇಲ್ಲದವರು ವಿದೇಶದ ಕೆಲಸಕ್ಕೆ ಜನರನ್ನು ಸೇರಿಸುವುದು ಅಪರಾಧ. ನೋಂದಾಯಿತ ಏಜೆಂಟರ ಪಟ್ಟಿ ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪುಟದಲ್ಲಿದೆ. ಅವರು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ. ಲಕ್ಷಗಟ್ಟಲೆ ಕೇಳುವವನು ಎಷ್ಟೇ ಸವಿಯಾಗಿ ಮಾತಾಡಿದರೂ ಬೆಳ್ಳಗಿರುವುದೆಲ್ಲ ಹಾಲಲ್ಲ. "ಈಗ ಸಂದರ್ಶಕ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸದ ವೀಸಾ ಮಾಡಿಸೋಣ" ಎಂದರೆ ಒಪ್ಪಬಾರದು. ಕಂಪ್ಯೂಟರ್ ಕೆಲಸವೆಂದು ಥಾಯ್ಲೆಂಡಿಗೆ ಕರೆದು ಮ್ಯಾನ್ಮಾರಿನ ಮೋಸದ ಕೂಟಗಳಿಗೆ ಸಾಗಿಸುವ ಜಾಲದ ಬಗ್ಗೆ ವಿದೇಶಾಂಗ ಇಲಾಖೆ 2022ರ ಸೆಪ್ಟೆಂಬರಿನಲ್ಲಿಯೇ ಎಚ್ಚರಿಕೆ ಕೊಟ್ಟಿತ್ತು. ಅಲ್ಲಿ ಸಿಕ್ಕಿಬಿದ್ದವರು ಓದು ಬಾರದವರಲ್ಲ, ಕಲಿತ ಹುಡುಗರೇ. ಖಾಸಗಿ ಏಜೆಂಟರಲ್ಲಿ ಸಂಶಯವಿದ್ದವರಿಗೆ ಕೇರಳ ಸರಕಾರದ್ದೇ ಆದ, 1977ರಲ್ಲಿ ಸ್ಥಾಪನೆಯಾದ ಒಡೆಪೆಕ್ ಮತ್ತು ನೋರ್ಕಾ ರೂಟ್ಸ್ ಸಂಸ್ಥೆಗಳಿವೆ. ಕೇರಳದ ಪ್ರಜೆಗಳಾದ ನಮಗೂ ಅವುಗಳ ಮೇಲೆ ಸಮಾನ ಹಕ್ಕಿದೆ ಎಂಬುದನ್ನು ನಮ್ಮವರು ಮರೆಯಬಾರದು.

ಹೆಣ್ಣುಮಕ್ಕಳನ್ನು ಕಳುಹಿಸುವಾಗ

ಮಗಳು ಹೊರಡುವಾಗ ಮನೆಯವರು ಕೇಳುವುದು ಹಾಸ್ಟೆಲು ಹೇಗಿದೆ ಎಂಬುದೊಂದನ್ನೇ. ಕೆಲಸದ ಜಾಗ ಹೇಗಿದೆ ಎಂಬುದೂ ಅಷ್ಟೇ ಮುಖ್ಯ. 10 ಮಂದಿ ದುಡಿಯುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಒಂದು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ವಿಧಿಸಿದೆ. ಹೆರಿಗೆ ರಜೆ 2017ರಿಂದ 26 ವಾರ. ಸಂದರ್ಶನದಲ್ಲಿ "ಮದುವೆ ಯಾವಾಗ, ಆದ ಮೇಲೆ ಬಿಡುತ್ತೀರಾ?" ಎಂದು ಹುಡುಗಿಯರನ್ನು ಮಾತ್ರ ಕೇಳುವ ಕಡೆ ಮುಂದಿನ ಮರ್ಯಾದೆ ಹೇಗಿದ್ದೀತೆಂದು ಊಹಿಸಬಹುದು. ಅಲ್ಲಿ ಈಗಾಗಲೇ ದುಡಿಯುತ್ತಿರುವ ಒಬ್ಬ ಹೆಂಗಸಿನೊಡನೆ ಐದು ನಿಮಿಷ ಮಾತಾಡಿದರೆ ಸಂಸ್ಥೆಯ ಪುಸ್ತಿಕೆಯಲ್ಲಿ ಇಲ್ಲದ್ದೆಲ್ಲ ಗೊತ್ತಾಗುತ್ತದೆ.

ಬೇಡವೆನ್ನುವ ಸ್ವಾತಂತ್ರ್ಯ

ಇಷ್ಟೆಲ್ಲ ಕೇಳಿದರೆ ಕೆಲಸವೇ ತಪ್ಪೀತಲ್ಲ ಎಂದು ಕೆಲವರು ಹೇಳಬಹುದು. ತಪ್ಪಬಹುದು, ನಿಜ. ಅಡಿಕೆಗೆ ಹಳದಿ ರೋಗ ಬಂದು, ಮನೆಯಲ್ಲಿ ಕಾಯಿಲೆಯವರಿದ್ದು, ಸಾಲದ ಕಂತು ಬಾಗಿಲಲ್ಲಿ ನಿಂತಿರುವಾಗ ಆರಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಇಲ್ಲ. ಅಂಥವರಿಗೆ ಸಿಕ್ಕಿದ ಕೆಲಸ ಬಿಡಿ ಎಂದು ಹೇಳುವ ಎದೆ ನಮಗೂ ಇಲ್ಲ. ಆದರೆ ಒಪ್ಪಿಕೊಳ್ಳಬೇಕಾದವರೂ ತಿಳಿದೇ ಒಪ್ಪಿಕೊಳ್ಳಲಿ. ಸಂಬಳ ಕಡಿಮೆಯೆಂದು ಮೊದಲೇ ಗೊತ್ತಿದ್ದರೆ ಮನೆಯ ಲೆಕ್ಕವನ್ನು ಅದಕ್ಕೆ ಸರಿಯಾಗಿ ಹಾಕಬಹುದು. ಧಣಿ ಸಿಡುಕನೆಂದು ಗೊತ್ತಿದ್ದರೆ ಒಂದು ವರ್ಷ ಅನುಭವ ಪಡೆದು ಬೇರೆ ದಾರಿ ನೋಡಬಹುದು. ತಿಳಿಯದೆ ಒಳಹೊಕ್ಕವನಿಗೆ ಮಾತ್ರ ಪ್ರತಿಯೊಂದು ತಿಂಗಳೂ ಹೊಸ ಆಘಾತ.

ಆದುದರಿಂದ ಅಲ್ಲಿಯೇ "ಹೂಂ" ಎನ್ನದೆ, "ಮನೆಯಲ್ಲಿ ಆಲೋಚಿಸಿ ನಾಳೆ ತಿಳಿಸುತ್ತೇನೆ" ಎಂದು ಎದ್ದುಬರುವುದನ್ನು ನಮ್ಮ ಮಕ್ಕಳು ಕಲಿಯಬೇಕು. ಹಾಗೆ ಬಂದ ಮಗನನ್ನು "ಅಹಂಕಾರ ಮಾಡಿದೆ" ಎಂದು ಬಯ್ಯದೆ, ಎದುರು ಕುಳಿತು ಏನೇನು ಕಂಡೆ, ಏನೇನು ಕೇಳಿದೆ ಎಂದು ವಿಚಾರಿಸುವುದನ್ನು ಹೆತ್ತವರು ಕಲಿಯಬೇಕು. ತೋಟಕ್ಕೆ ಬರುವ ಕೆಲಸದವರು ಕೂಲಿ ಎಷ್ಟು, ಊಟ ಉಂಟೋ ಎಂದು ಕೇಳಿದ ಮೇಲೆಯೇ ಕತ್ತಿಗೆ ಕೈ ಹಾಕುತ್ತಾರೆ. ಅದನ್ನು ನಾವು ಯಾರೂ ಉದ್ಧಟತನ ಎನ್ನುವುದಿಲ್ಲ. ಪದವಿ ಪಡೆದ ನಮ್ಮ ಮಕ್ಕಳು ಅಷ್ಟನ್ನು ಕೇಳಿದರೆ ತಪ್ಪೇನು?